ಹಳೆಯ ಕಡಲಿನಿಂದ ಹೊಸ ಕಡಲಿಗೆ ಒಂದು ದಾರಿ

ಚಿತ್ರದುರ್ಗ ಜಿಲ್ಲೆಯ ಐಮಂಗಲದ ಹತ್ತಿರ ಮರಡಿಹಳ್ಳಿ ಎಂಬ ಊರಿದೆ. ಕುರುಚಲು ಗಿಡಗಳ ನಡುವೆ ಅಲ್ಲೊಂದು ಬಂಡೆಸಾಲು. ಉಬ್ಬಿದ, ದುಂಡಗಿನ ಕಲ್ಲುಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿವೆ. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಎನ್ನುತ್ತಾರೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ಥಟ್ಟನೆ ಗಟ್ಟಿಯಾಗುತ್ತದೆ. ಒಳಗಿನ ಬಿಸಿ ದ್ರವ ಆ ಚಿಪ್ಪನ್ನು ಒಡೆದು ಮುಂದೆ ಜಿನುಗಿ ಮತ್ತೊಂದು ಉಬ್ಬು ಕಟ್ಟುತ್ತದೆ. ಅಂದರೆ ಇಂದು ಹನಿ ನೀರಿಗೂ ಮುಗಿಲು ನೋಡುವ ಈ ಜಾಗ 250 ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿಯಲ್ಲಿತ್ತು! ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾದ ಈ ಬಂಡೆಗಳಿಗೆ ಸಮೀಪದಲ್ಲೇ ಬೆಂಗಳೂರು–ಪುಣೆ ಹೆದ್ದಾರಿಯ ವಾಹನಗಳು ಓಡುತ್ತವೆ. ನಿಲ್ಲುವವರು ತೀರಾ ಕಡಿಮೆ ಎಂಬುದು ಬೇಸರದ ಸಂಗತಿ.

ಇಲ್ಲಿಂದ ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಹಾದು ಮಲ್ಪೆ ಸೇರುವ ದಾರಿ ಒಂದು ಹಗಲಿನ ಪಯಣ. ಅಷ್ಟರಲ್ಲೇ ಬಯಲುಸೀಮೆ, ಕೆರೆ, ಅಡಿಕೆ ತೋಟ, ಮಳೆಕಾಡು, ಘಾಟಿ, ಕರಾವಳಿ ಎಲ್ಲವೂ ಕಣ್ಣಿಗೆ ಬೀಳುತ್ತವೆ.

ಚನ್ನಗಿರಿಯಿಂದ ತುಸು ಉತ್ತರಕ್ಕೆ ಹೊರಳಿದರೆ ಸೂಳೆಕೆರೆ, ಅಂದರೆ ಶಾಂತಿಸಾಗರ. ಹರಿದ್ರಾ ಹಳ್ಳವು ಗುಡ್ಡಸಾಲನ್ನು ಸೀಳಿ ಹೊರಬೀಳುವ ಇಕ್ಕಟ್ಟಾದ ಜಾಗವನ್ನೇ ಹುಡುಕಿ ಹಿಂದಿನವರು ಏರಿ ಕಟ್ಟಿದರು. ಎರಡೂ ಬದಿಗೆ ಗುಡ್ಡಗಳೇ ಗೋಡೆ. ಹಾಗಾಗಿ ಮೋಟು ಏರಿಯ ಹಿಂದೆ ಅಗಾಧ ನೀರು ನಿಂತಿತು. ನಕಾಶೆ, ದುರ್ಬೀನು ಯಾವುದೂ ಇಲ್ಲದ ಕಾಲದಲ್ಲಿ ನೆಲದ ಇಳಿಜಾರನ್ನು ಇಷ್ಟು ಸರಿಯಾಗಿ ಓದಿದವರ ಜಾಣ್ಮೆಗೆ ತಲೆಬಾಗಲೇಬೇಕು.

ಶಿವಮೊಗ್ಗ ದಾಟಿದ ಮೇಲೆ ಹಸಿರು ದಟ್ಟವಾಗುತ್ತಾ ಹೋಗುತ್ತದೆ. ಚಿತ್ರದುರ್ಗದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು. ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬರುವ ಮುಂಗಾರು ಗಾಳಿಗೆ ಪಶ್ಚಿಮಘಟ್ಟ ಅಡ್ಡ ನಿಲ್ಲುವುದೇ ಇದಕ್ಕೆ ಕಾರಣ. ಗಾಳಿ ವಿಧಿಯಿಲ್ಲದೆ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಆದ್ದರಿಂದ ಹಿಗ್ಗುತ್ತದೆ. ಹಿಗ್ಗಿದಾಗ ತಣಿಯುತ್ತದೆ, ತಣಿದಾಗ ಆವಿ ಹನಿಗಟ್ಟುತ್ತದೆ. ಹೊರೆ ಇಳಿಸಿಕೊಂಡ ಗಾಳಿ ಪೂರ್ವಕ್ಕೆ ಇಳಿಯುವಾಗ ಮತ್ತೆ ಬಿಸಿಯಾಗುವುದರಿಂದ ಬಯಲುಸೀಮೆಗೆ ಮೋಡ ಕಂಡರೂ ಮಳೆ ದಕ್ಕುವುದು ಅಲ್ಪ.

ಆಗುಂಬೆಯಲ್ಲಿ ನೀರಿನ ದಾರಿಯೂ ಕವಲಾಗುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಮಾಲತಿ ಹೊಳೆಯ ಮೂಲಕ ತುಂಗೆಗೆ ಸೇರಿ, ಕೂಡಲಿಯಲ್ಲಿ ಭದ್ರೆಯ ಜೊತೆಯಾಗಿ, ಕೃಷ್ಣೆಯೊಳಗೆ ಬೆರೆತು ಬಂಗಾಳ ಕೊಲ್ಲಿ ಮುಟ್ಟುತ್ತದೆ. ಆ ಹಾದಿ ಸುಮಾರು 1,000 ಕಿಲೋಮೀಟರ್. ಪಶ್ಚಿಮಕ್ಕೆ ಜಾರಿದ್ದು ಸೀತಾನದಿಯ ಪಾಲಾಗಿ, ಕೋಡಿಬೆಂಗ್ರೆಯ ಅಳಿವೆಯಲ್ಲಿ ಬೇಗನೆ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಮೋಡದ ಹನಿಗಳಿಗೆ ಎರಡು ಕಡಲು.

ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ ಕೆಳಗೆ ನೋಡಿದವರು ಸಾಮಾನ್ಯವಾಗಿ ತಾವು ಬೆಟ್ಟದ ತುದಿಯಲ್ಲಿದ್ದೇವೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು ಬೆಟ್ಟದ ತುದಿಗಿಂತ ಹೆಚ್ಚಾಗಿ ಪ್ರಸ್ಥಭೂಮಿಯ ಅಂಚು. ಹಿಮಾಲಯದಂತೆ ಪಶ್ಚಿಮಘಟ್ಟ ಮಡಿಕೆ ಬಿದ್ದು ಮೇಲೆದ್ದದ್ದಲ್ಲ. ಖಂಡ ಸೀಳಿ ಉಳಿದ ಬದಿ. ಆ ಅಂಚನ್ನು ಕೋಟ್ಯಂತರ ವರ್ಷಗಳಿಂದ ಮಳೆ, ಹೊಳೆಗಳು ಕೊರೆದು ಪೂರ್ವಕ್ಕೆ ಹಿಂದೆ ಸರಿಸಿವೆ. 14 ತಿರುವುಗಳ ಘಾಟಿ ಇಳಿದು ಸೋಮೇಶ್ವರ ತಲುಪುವ ಹೊತ್ತಿಗೆ ಸೆಕೆ ಮೈಗಂಟುತ್ತದೆ. ಮುಂದೆ ಮನೆ, ಕಟ್ಟೆ, ಬಾವಿಗಳೆಲ್ಲ ಮುರಕಲ್ಲಿನವು. ಜಡಿಮಳೆ ಮತ್ತು ಬೇಸಿಗೆ ಸರದಿಯಲ್ಲಿ ಬರುವ ನಾಡಿನಲ್ಲಿ ನೀರು ಬಂಡೆಯೊಳಗಿನ ಸಿಲಿಕಾವನ್ನು ಕರಗಿಸಿ ಒಯ್ಯುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ನೆಲ ಕೆಂಪಗಾಗುತ್ತದೆ. ನೆಲದಿಂದ ಕಡಿಯುವಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಬಿದ್ದಂತೆ ಗಡುಸಾಗುತ್ತದೆ.

ಖಂಡ ಸೀಳಿದ್ದಕ್ಕೆ ಸಾಕ್ಷಿ ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದಲ್ಲಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾ ಇಲ್ಲಿ ಕಂಬಗಳಾಗಿ ನಿಂತಿದೆ. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿರುಕು ಬಿಡುವಂತೆಯೇ ತಣ್ಣಗಾಗುವ ಲಾವಾ ಕುಗ್ಗಿ ಬಿರಿಯುತ್ತದೆ. ಬಿರುಕುಗಳು ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತಾ ಐದು, ಆರು, ಏಳು ಮೂಲೆಯ ಕಂಬಗಳನ್ನು ಬಿಡಿಸುತ್ತವೆ. ಇದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲೂ ಇವೆ. ಎರಡು ಭೂಭಾಗಗಳ ನಡುವೆ ತೆರೆದ ಬಿರುಕಿಗೆ ನುಗ್ಗಿದ ನೀರೇ ನಾವಿಂದು ನೋಡುವ ಪಶ್ಚಿಮದ ಕಡಲು. ಮರಡಿಹಳ್ಳಿಯ ಸಮುದ್ರಕ್ಕೆ ಹೋಲಿಸಿದರೆ ಇದು ನಿನ್ನೆ ಮೊನ್ನೆಯದು.

ಸಮಯವಿದ್ದರೆ ಇನ್ನೂ ಉತ್ತರಕ್ಕೆ, ಮರವಂತೆಗೆ ಹೋಗಬೇಕು. ಹೆದ್ದಾರಿಯ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಸಮುದ್ರ, ನಡುವೆ ಕಿರಿದಾದ ಮರಳಪಟ್ಟಿ. ಅಲೆಗಳು ಆ ಪಟ್ಟಿಯನ್ನು ಇಂದಿಗೂ ಕೊರೆಯುತ್ತಿವೆ. ರಸ್ತೆ ಉಳಿಸಿಕೊಳ್ಳಲು ಕಲ್ಲು ಸುರಿದು ತಡೆ ಕಟ್ಟಬೇಕಾಗಿ ಬಂದಿದೆ.

ಮಳೆಗಾಲದಲ್ಲಿ ಘಾಟಿಯ ಸೊಬಗು ಬೇರೆಯೇ, ಆದರೆ ಆಗ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲ. ಕಂಬಶಿಲೆಯನ್ನೂ ನೋಡಬೇಕೆನ್ನುವವರು ಅಕ್ಟೋಬರ್ ಕಳೆದ ಮೇಲೆ ಹೊರಡುವುದು ವಾಸಿ. ಆಗಲೂ ತೀರ್ಥಹಳ್ಳಿಯ ತುಂಗೆಯಲ್ಲಿ ನೀರಿರುತ್ತದೆ.