ಪುಕ್ಕಟೆ ಜಾಗದಲ್ಲಿ ಸಂಘದ ಲೆಕ್ಕ

ಊರ ಶಾಲೆಗೆ, ರೈತರ ಸಂಘಕ್ಕೆ ಲೆಕ್ಕಪತ್ರ ಇಡಲು ಈಗ ಸ್ವಂತ ಕಂಪ್ಯೂಟರೇ ಬೇಕೆಂದಿಲ್ಲ. ಇ-ಮೇಲ್, ಲೆಕ್ಕದ ಹಾಳೆ, ಫೋಟೋ ಇಡುವ ಜಾಗ ಇವನ್ನೆಲ್ಲ ಗೂಗಲ್ ಕಂಪನಿ ಶಾಲೆಗಳಿಗೆ ಪುಕ್ಕಟೆ ಕೊಡುತ್ತಿದೆ. ಲಾಭ ಹಂಚಿಕೊಳ್ಳದ ನೋಂದಾಯಿತ ಸಂಸ್ಥೆಗಳೂ ಅರ್ಜಿ ಹಾಕಿ ಪಡೆಯಬಹುದು. ಮಳೆ ಲೆಕ್ಕ, ಬೀಜ ಒಯ್ದವರ ಪಟ್ಟಿ ಎಲ್ಲ ಮೊಬೈಲಿನಲ್ಲೇ ಬರೆದಿಟ್ಟರಾಯ್ತು. ನಾಲ್ಕು ಊರಿನವರು ಅಲ್ಲಲ್ಲೇ ಕೂತು ನೋಡಬಹುದು.

ಆದರೆ ಹಗೇವು ಬೇರೆಯವರದು. ಶಾಲೆಗಳಿಗೆ ಮಿತಿಯಿಲ್ಲದಷ್ಟು ಜಾಗ ಅಂತ ಮೊದಲು ಹೇಳಿದ್ದರು. 2021ರಲ್ಲಿ ಮಾತು ಬದಲಾಯಿತು. 2022ರಿಂದ ಪುಕ್ಕಟೆ ಸಿಗೋದು ಇಡೀ ಸಂಸ್ಥೆಗೆ 100 ಟೆರಾಬೈಟ್. ಹಳ್ಳಿ ಶಾಲೆಗೆ ಅದು ಧಾರಾಳವಾಯ್ತು, ಆದರೂ ಕೊಟ್ಟವರು ಅಳತೆ ಬದಲಿಸಬಲ್ಲರು ಎಂಬುದು ನೆನಪಿರಲಿ.

ಸಣ್ಣ ಸಂಘಗಳಲ್ಲಿ ಎಲ್ಲವೂ ಕಾರ್ಯದರ್ಶಿಯ ಸ್ವಂತ ಖಾತೆಯಲ್ಲೇ ಇರುತ್ತೆ. ಅಪಾಯ ಇರೋದೇ ಇಲ್ಲಿ. ಆತ ಊರು ಬಿಟ್ಟರೆ ಲೆಕ್ಕವೂ ಹೋಯ್ತು. ಎರಡು ವರ್ಷ ಮುಟ್ಟದ ಸ್ವಂತ ಖಾತೆಗಳನ್ನು ಅಳಿಸುವ ಕ್ರಮವೂ 2023ರ ಡಿಸೆಂಬರಿನಿಂದ ಶುರುವಾಗಿದೆ.

ಹಾಗಾಗಿ ಖಾತೆ ಸಂಘದ ಹೆಸರಲ್ಲಿರಲಿ. ಅದನ್ನು ತೆರೆಯೋದು ಇಬ್ಬರಿಗಾದರೂ ಗೊತ್ತಿರಲಿ. ತಿಂಗಳಿಗೊಮ್ಮೆ ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಮಳೆ ಲೆಕ್ಕ, ಬೀಜದ ಲೆಕ್ಕವನ್ನು ಮಾತ್ರ ಪುಸ್ತಕದಲ್ಲೂ ಬರೆಯಿರಿ.