ಟೋಕಿಯೊ ಮೃಗಾಲಯದಲ್ಲಿ ಕನ್ನಡ ಬಲ್ಲ ಆನೆ

ಆನೆಗೆ ಕನ್ನಡ ಬಿಟ್ಟರೆ ಬೇರೆ ಮಾತು ತಿಳಿಯದು. ನೋಡಿಕೊಳ್ಳುವವರಿಗೆ ಕನ್ನಡದ ಗಂಧವೇ ಇಲ್ಲ. 1949ರಲ್ಲಿ ಜಪಾನಿನ ಟೋಕಿಯೊ ನಗರದ ಉಯೆನೊ ಮೃಗಾಲಯದಲ್ಲಿ ಎದುರಾದ ಪೇಚಾಟವಿದು. ಕೊನೆಗೆ ಪಾಠಕ್ಕೆ ಕೂತವರು ಜಪಾನಿಗಳೇ!

ಉಯೆನೊಗೆ ಆನೆ ಹೊಸದೇನಲ್ಲ. 1888ರಲ್ಲೇ ಸಯಾಂ ದೇಶದಿಂದ ಬಂದಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಜಾನ್, ಟೋಂಕಿ, ವಾನ್ರಿ ಅಂತ ಮೂರಿದ್ದವು. ಬಾಂಬ್ ಬಿದ್ದರೆ ಪ್ರಾಣಿಗಳು ತಪ್ಪಿಸಿಕೊಂಡು ಊರಿಗೆ ನುಗ್ಗಿಯಾವೆಂದು 1943ರಲ್ಲಿ ಕೊಲ್ಲಲು ಆಜ್ಞೆಯಾಯಿತು. ವಿಷ ಬೆರೆಸಿದ ಆಲೂಗಡ್ಡೆಯನ್ನು ಜಾನ್ ತಿನ್ನಲಿಲ್ಲ. ಮೂರನ್ನೂ ಉಪವಾಸ ಕೆಡವಿದರು. ಏನಾದರೂ ತಿನ್ನಲು ಕೊಟ್ಟಾರೆಂದು ಟೋಂಕಿ ತಾನು ಕಲಿತ ಆಟಗಳನ್ನೆಲ್ಲ ಆಡಿ ತೋರಿಸಿತಂತೆ. ಸೆಪ್ಟೆಂಬರ್‌ನಲ್ಲಿ ಅದೂ ಸತ್ತಿತು. ಬರೆಯಲಿಕ್ಕೇ ಕೈ ಬರುವುದಿಲ್ಲ.

ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳು ನಮಗೊಂದು ಆನೆ ಕೊಡಿ ಎಂದು ಪ್ರಧಾನಿ ನೆಹರೂ ಅವರಿಗೆ ಎಂಟುನೂರಕ್ಕೂ ಹೆಚ್ಚು ಪತ್ರ ಬರೆದರು. ನೆಹರೂ ಕಳಿಸಿದ್ದು ನಮ್ಮ ಮೈಸೂರು ಸೀಮೆಯ 15 ವರ್ಷದ ಹೆಣ್ಣಾನೆ. ಇಟ್ಟದ್ದು ಮಗಳ ಹೆಸರನ್ನೇ, ಇಂದಿರಾ.

ಕೂರು, ಏಳು ಎನ್ನುವುದಕ್ಕೂ ಅದಕ್ಕೆ ಕನ್ನಡವೇ ಆಗಬೇಕು. ಜತೆಗೆ ಹೋಗಿದ್ದ ಇಬ್ಬರು ಮಾವುತರಿಂದ ಜಪಾನಿ ಪಾಲಕರು ಸುಮಾರು ಎರಡು ತಿಂಗಳು ಕನ್ನಡದ ಆಜ್ಞೆಗಳನ್ನು ಕಲಿತರು. ಗಡಿಯಾಚೆ ಕನ್ನಡ ಮೇಷ್ಟ್ರಿಗಾಗಿ ಅರ್ಜಿ ಹಿಡಿದು ಅಲೆದವರಿಗೆ ಇದನ್ನು ಓದಿದರೆ ನಗು ಬಂದೀತು, ಸ್ವಲ್ಪ ಹೊಟ್ಟೆಕಿಚ್ಚೂ ಆದೀತು!

1957ರಲ್ಲಿ ನೆಹರೂ ಮಗಳೊಂದಿಗೆ ಹೋಗಿ ಆನೆಯನ್ನು ನೋಡಿ ಬಂದರು. ಇಂದಿರಾ ಮತ್ತೆ ಮೈಸೂರು ಕಾಣಲಿಲ್ಲ. 1983ರಲ್ಲಿ ಟೋಕಿಯೊದಲ್ಲೇ ತೀರಿಕೊಂಡಿತು.