ರಾಜೀನಾಮೆ ಕೊಡದಿದ್ದರೆ ಪಿಎಫ್, ಗ್ರಾಚ್ಯುಟಿ ಎರಡೂ ಹೋಗುತ್ತಾ?

"ಕಂಪನಿ ಕೆಲಸದಿಂದ ತೆಗೆಯುವ ಮೊದಲೇ ರಾಜೀನಾಮೆ ಕೊಟ್ಟುಬಿಡಿ. ಇಲ್ಲದಿದ್ದರೆ ಪಿಎಫ್, ಗ್ರಾಚ್ಯುಟಿ ಸಿಗಲ್ಲ, ಬೇರೆ ಕಡೆ ಕೆಲಸವೂ ಸಿಗಲ್ಲ. ಎಲ್ಲರಿಗೂ ತಿಳಿಸಿ." ಇಂಥ ಸಂದೇಶ ನಿಮ್ಮ ಆಫೀಸ್ ಗ್ರೂಪಿಗೂ ಬಂದಿರಬಹುದು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದ ಮೇಲೆ ಬೆಂಗಳೂರಿನಲ್ಲಿ ಈ ಭಯ ಹೆಚ್ಚಿದೆ. ಭಯ ಸಹಜವೇ. ಆದರೆ ಸಂದೇಶ ಸುಳ್ಳು. ನಂಬಿ ಸಹಿ ಹಾಕಿದರೆ ನಿಮಗೇ ನಷ್ಟ.

ಮೊದಲು ಪಿಎಫ್. ಅದು ನಿಮ್ಮ ಹೆಸರಿನ ಖಾತೆಯಲ್ಲಿರುವ ನಿಮ್ಮ ಹಣ. ಕೆಲಸ ಹೇಗೇ ಹೋದರೂ ಕಂಪನಿ ಅದನ್ನು ವಾಪಸ್ ಪಡೆಯುವಂತಿಲ್ಲ. ಐದು ವರ್ಷ ಸತತ ಸೇವೆ ಮುಗಿಸಿದವರಿಗೆ ಗ್ರಾಚ್ಯುಟಿಯೂ ಹಾಗೆಯೇ, ರಾಜೀನಾಮೆ ಕೊಟ್ಟರೂ ಸಿಗುತ್ತದೆ, ತೆಗೆದರೂ ಸಿಗುತ್ತದೆ. ಕಂಪನಿಯ ಆಸ್ತಿಗೆ ಬೇಕೆಂದೇ ಹಾನಿ ಮಾಡುವುದು, ಹೊಡೆದಾಟದಂಥ ಗಂಭೀರ ದುರ್ನಡತೆ ಸಾಬೀತಾಗಿ ವಜಾ ಆದರೆ ಮಾತ್ರ ಅದನ್ನು ತಡೆಯಬಹುದು. ಖರ್ಚು ಉಳಿಸಲು ಜನ ಕಡಿಮೆ ಮಾಡಿದರೆ ಅದರಲ್ಲಿ ನಿಮ್ಮ ತಪ್ಪೇನಿದೆ?

ಹಾಗಾದರೆ ರಾಜೀನಾಮೆಯಿಂದ ಕಳೆದುಕೊಳ್ಳುವುದೇನು? ಪರಿಹಾರ. ನಾವು 'ಲೇಆಫ್' ಅನ್ನುವುದಕ್ಕೆ ಕಾನೂನಿನಲ್ಲಿ 'ರಿಟ್ರೆಂಚ್‌ಮೆಂಟ್' ಎಂಬ ಹೆಸರಿದೆ. (ಕಾನೂನಿನ ಲೇಆಫ್ ಬೇರೆ. ಅದು ತಾತ್ಕಾಲಿಕವಾಗಿ ಕೆಲಸ ಕೊಡಲಾಗದಿರುವುದು.) ಒಂದು ವರ್ಷ ಸತತ ಸೇವೆಯಾಗಿದ್ದರೆ ಕಾರಣ ತಿಳಿಸಿ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ವೇತನ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ.

ಲೆಕ್ಕ ಹಾಕಿ ನೋಡೋಣ. ಲೆಕ್ಕಕ್ಕೆ ಹಿಡಿಯುವ ವೇತನ ತಿಂಗಳಿಗೆ 30,000 ರೂಪಾಯಿ, ಸೇವೆ ಆರು ವರ್ಷ. ಗ್ರಾಚ್ಯುಟಿ ಸುಮಾರು 1.04 ಲಕ್ಷ, ಅದು ಹೇಗಿದ್ದರೂ ಬರುತ್ತದೆ. ತೆಗೆದರೆ ಅದರ ಮೇಲೆ ಇನ್ನೂ 90,000 ಪರಿಹಾರ. "ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ" ಎಂದು ಒಂದು ಮೇಲ್ ಕಳಿಸಿದರೆ ಆ 90,000 ಕೇಳುವ ಹಕ್ಕೇ ಹೋಯಿತು. ಹೆಚ್‌ಆರ್‌ನವರು ಮೀಟಿಂಗ್ ರೂಮಿಗೆ ಕರೆದು "ಇವತ್ತೇ ಕಳಿಸಿ" ಎಂದು ಅವಸರ ಮಾಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ!

"ಐಟಿಯವರಿಗೆ ಕಾರ್ಮಿಕ ಕಾನೂನೇ ಇಲ್ಲ" ಎಂಬುದು ಇನ್ನೊಂದು ಫಾರ್ವರ್ಡ್. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟಿದ್ದು ಸ್ಥಾಯಿ ಆದೇಶಗಳ ಕಾಯ್ದೆಯೊಂದರಿಂದ ಮಾತ್ರ. ಅದಕ್ಕೂ ಷರತ್ತುಗಳಿದ್ದವು. ನೌಕರರನ್ನು ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬುದು ಅವುಗಳಲ್ಲಿ ಒಂದು. ನಿಜವಾದ ತೊಡಕು ಬೇರೆ ಇದೆ: ಈ ಪರಿಹಾರ ಮ್ಯಾನೇಜರ್ ಕೆಲಸ ಮಾಡುವವರಿಗೆ ಇಲ್ಲ, ತಿಂಗಳಿಗೆ 18,000ಕ್ಕಿಂತ ಹೆಚ್ಚು ಪಡೆಯುವ ಸೂಪರ್‌ವೈಸರ್‌ಗಳಿಗೂ ಇಲ್ಲ. ಆದರೆ ಕಾರ್ಡಿನಲ್ಲಿ 'ಮ್ಯಾನೇಜರ್' ಎಂದಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಕೋರ್ಟು ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನವೂ ಮಾಡುವ ಕೆಲಸವನ್ನು. ಒಬ್ಬರಿಗೂ ರಜೆ ಮಂಜೂರು ಮಾಡುವ ಅಧಿಕಾರವಿಲ್ಲದ ಮ್ಯಾನೇಜರುಗಳು ನಮ್ಮಲ್ಲಿ ಎಷ್ಟಿಲ್ಲ?

ಕೆಲಸ ಹೊರಗುತ್ತಿಗೆಗೆ ಹೋದರೆ? ಆ ಕಾರಣಕ್ಕೆ ನಿಮ್ಮನ್ನು ತೆಗೆದರೂ ಇದೇ ನಿಯಮ. ಗುತ್ತಿಗೆದಾರನ ಕೈಕೆಳಗೆ ಇರುವವರಿಗೆ ಅವನು ಸಂಬಳ ಕೊಡದಿದ್ದರೆ ಮೂಲ ಕಂಪನಿಯೇ ಕೊಡಬೇಕಾಗುತ್ತದೆ.

ಕೆಲವು ಕಂಪನಿಗಳು ರಾಜೀನಾಮೆಗೆ ಪ್ರತಿಯಾಗಿ ಕಾನೂನು ಹೇಳುವುದಕ್ಕಿಂತ ಹೆಚ್ಚು ಹಣ ಕೊಡುವುದೂ ಉಂಟು. ಮೊತ್ತ ಬರಹದಲ್ಲಿದ್ದರೆ, ಮೇಲಿನ ಲೆಕ್ಕದೊಂದಿಗೆ ಹೋಲಿಸಿ ಒಪ್ಪಬಹುದು. ಬರೀ ಬಾಯಿಮಾತಾದರೆ ಬೇಡ. ಯೋಚಿಸಲು ಸಮಯ ಕೇಳಿ, ಕೇಳಿದ್ದನ್ನು ಮೇಲ್‌ನಲ್ಲೇ ಕೇಳಿ. ಒತ್ತಡಕ್ಕೆ ಈಗಾಗಲೇ ಸಹಿ ಹಾಕಿದ್ದೀರಾ? ಯಾರು, ಯಾವಾಗ, ಏನು ಹೇಳಿದರು ಎಂಬುದನ್ನು ಅಂದೇ ಬರೆದು ಹೆಚ್‌ಆರ್‌ಗೆ ಮೇಲ್ ಮಾಡಿ, ಒಂದು ಪ್ರತಿ ನಿಮ್ಮ ಸ್ವಂತ ಮೇಲ್‌ಗೂ ಕಳಿಸಿಕೊಳ್ಳಿ. ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಮೇಲೆ ಆಫೀಸ್ ಮೇಲ್ ತೆರೆಯುವುದಿಲ್ಲ. ದೂರು ಕೊಡಲು ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಬಹುದು, ಉಳಿದ ಜಿಲ್ಲೆಯವರು ತಮ್ಮ ಕಾರ್ಮಿಕ ಅಧಿಕಾರಿಯ ಕಚೇರಿಗೆ.